ಕೃಷ್ಣೆಯ ಕೆಸರು ನೀರಿಗೆ ತಕ್ಕ ಬೋಟ್ ಎಂಜಿನ್ ಕೂಲರ್: ಲೆಕ್ಕದಿಂದ ಪರೀಕ್ಷೆಯವರೆಗೆ

ಜುಲೈ ತಿಂಗಳಲ್ಲಿ ಪಶ್ಚಿಮ ಘಟ್ಟದ ಮಳೆನೀರು ಕೃಷ್ಣೆಗೆ ಇಳಿದ ಮೇಲೆ ಜಮಖಂಡಿ, ರಬಕವಿ, ಅಥಣಿ ಕಡೆಯ ದಂಡೆಯಲ್ಲಿ ಒಂದು ಬಕೆಟ್ ಹೊಳೆನೀರು ತುಂಬಿ ಒಂದು ತಾಸು ಅಲುಗಾಡಿಸದೆ ಇಡಿ. ತಳದಲ್ಲಿ ನುಣ್ಣನೆಯ ಕೆಸರು ಕೂರುತ್ತದೆ, ಮೇಲಿನ ನೀರು ಆಗಲೂ ತಿಳಿಯಾಗಿರುವುದಿಲ್ಲ. ಜನರನ್ನೂ ಬೈಕುಗಳನ್ನೂ ದಾಟಿಸುವ ಬೋಟಿನ ಎಂಜಿನ್ ತಂಪಾಗಬೇಕಾದದ್ದು ಇದೇ ನೀರಿನಿಂದ. ಸಮುದ್ರದ ಬೋಟುಗಳಿಗೆಂದು ಬರೆದ ಕೈಪಿಡಿಗಳು ಉಪ್ಪು ಮತ್ತು ಲೋಹದ ಸವೆತದ ಬಗ್ಗೆ ವಿವರವಾಗಿ ಹೇಳುತ್ತವೆ. ನಮ್ಮ ಎರೆಮಣ್ಣಿನ ಮಾತು ಅವುಗಳಲ್ಲಿ ಬರುವುದು ಕಡಿಮೆ. ಆ ವಿನ್ಯಾಸವನ್ನು ಹಾಗೆಯೇ ತಂದು ಆಲಮಟ್ಟಿಯ ಹಿನ್ನೀರಿನ ಬೋಟಿಗೆ ಕೂರಿಸಿದರೆ ಮಳೆಗಾಲದಲ್ಲಿ ಅದು ಕಟ್ಟಿಕೊಳ್ಳುತ್ತದೆ.

20 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಒಂದನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅದಕ್ಕೆ ತಕ್ಕ ಶಾಖ ವಿನಿಮಯಕವನ್ನು, ಅಂದರೆ ಮೆಕ್ಯಾನಿಕ್‌ಗಳು ಕೂಲರ್ ಎನ್ನುವ ಸಾಧನವನ್ನು, ಲೆಕ್ಕ ಹಾಕಿ ಮಾಡಿಸಿ ಪರೀಕ್ಷಿಸುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ನನ್ನ ಒತ್ತಾಯ ಒಂದೇ: ನಮ್ಮ ಹೊಳೆಗೆ ಕೂಲರ್ ಮಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದರಲ್ಲಿ ಕೂರುವ ಕೆಸರು ಹೇಗೆ ಹೊರಬರಬೇಕು ಎಂಬುದು. ವಿಸ್ತೀರ್ಣ ಎಷ್ಟಿರಬೇಕು ಎಂಬ ಪ್ರಶ್ನೆ ಅದರ ನಂತರದ್ದು.

ಮೊದಲ ಹೆಜ್ಜೆ: ಹೊಳೆನೀರನ್ನು ಎಂಜಿನ್ನಿನಿಂದ ದೂರವಿಡಿ

ಪಂಪ್‌ಸೆಟ್ ಎಂಜಿನ್ನನ್ನು ಬೋಟಿಗೆ ಕೂರಿಸಿದಾಗ ಹೊಳೆನೀರನ್ನೇ ನೇರವಾಗಿ ಸಿಲಿಂಡರಿನ ಸುತ್ತ ಹರಿಸಿ ಹೊರಬಿಡುವುದು ಎಲ್ಲಕ್ಕಿಂತ ಸುಲಭ. ಇದರಿಂದ ಎರಡು ಬಗೆಯ ಹಾನಿ ಇದೆ. ಸಿಲಿಂಡರ್ ಜಾಕೆಟಿನ ತಳದಲ್ಲಿ ನೀರಿನ ವೇಗ ತೀರ ಕಡಿಮೆ. ಅಲ್ಲಿ ಕೆಸರು ಕೂರುತ್ತಾ ಹೋಗಿ, ಆ ಭಾಗ ಮಾತ್ರ ವಿಪರೀತ ಕಾಯುತ್ತದೆ. ಇನ್ನೊಂದು ಹಾನಿ ಬೇಗ ಕಣ್ಣಿಗೆ ಬೀಳುವುದಿಲ್ಲ. ತಣ್ಣನೆಯ ನೀರು ನೇರವಾಗಿ ಹೊಕ್ಕಾಗ ಎಂಜಿನ್ ತನ್ನ ಸರಿಯಾದ ಉಷ್ಣತೆಗೆ ಏರುವುದೇ ಇಲ್ಲ. ಡೀಸೆಲ್ಲಿನ ಗಂಧಕ ಉರಿದು ಆದ ಅನಿಲವೂ ಹಬೆಯೂ ತಣ್ಣನೆಯ ಸಿಲಿಂಡರ್ ಗೋಡೆಯ ಮೇಲೆ ಆಮ್ಲವಾಗಿ ಕೂತು ಲೈನರ್ ಮತ್ತು ರಿಂಗುಗಳನ್ನು ಸವೆಸುತ್ತವೆ.

ಆದ್ದರಿಂದ ಎರಡು ಸುತ್ತು ಇರಲಿ. ಒಳಸುತ್ತಿನಲ್ಲಿ ಶುದ್ಧ ನೀರು ಮತ್ತು ತುಕ್ಕು ತಡೆಯುವ ಕೂಲಂಟ್, ಉಷ್ಣತೆ ನೋಡಿ ತಾನೇ ತೆರೆದು ಮುಚ್ಚುವ ವಾಲ್ವ್ ಆದ ಥರ್ಮೋಸ್ಟಾಟ್ ಸಮೇತ. ಹೊರಸುತ್ತಿನಲ್ಲಿ ಹೊಳೆನೀರು. ಎರಡೂ ಭೇಟಿಯಾಗುವುದು ಕೂಲರಿನಲ್ಲಿ ಮಾತ್ರ, ಅಲ್ಲಿಯೂ ಲೋಹದ ಗೋಡೆಯೊಂದನ್ನು ನಡುವೆ ಇಟ್ಟುಕೊಂಡು.

ಎರಡನೆಯ ಹೆಜ್ಜೆ: ಎಷ್ಟು ಶಾಖ ಹೊರಹಾಕಬೇಕು

20 ಅಶ್ವಶಕ್ತಿ ಎಂದರೆ ಸುಮಾರು 15 ಕಿಲೋವ್ಯಾಟ್. ಡೀಸೆಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಶಾಫ್ಟಿಗೆ ಸಿಗುತ್ತದೆ. ಉಳಿದದ್ದು ಹೊಗೆಯ ಜೊತೆಗೂ ತಂಪುಗೊಳಿಸುವ ನೀರಿನ ಜೊತೆಗೂ ಹೋಗುತ್ತದೆ. ಎಂಜಿನ್ ತಯಾರಕರು ಕೊಟ್ಟ ಅಂಕಿ ಕೈಯಲ್ಲಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಶಾಫ್ಟ್ ಶಕ್ತಿಯ ಶೇ 80ರಷ್ಟು ನೀರಿಗೆ ಬರುತ್ತದೆ ಎಂದು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಅದು 12 ಕಿಲೋವ್ಯಾಟ್.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.18 ಕಿಲೋಜೂಲ್ ಬೇಕು. ಒಳಸುತ್ತಿನ ನೀರು ಕೂಲರಿಗೆ 82 ಡಿಗ್ರಿಯಲ್ಲಿ ಹೊಕ್ಕು 74ರಲ್ಲಿ ಹೊರಬರಬೇಕೆಂದರೆ ನಿಮಿಷಕ್ಕೆ ಸುಮಾರು 21.5 ಲೀಟರ್ ಹರಿಯಬೇಕು. ಹೊರಸುತ್ತಿಗೆ ಏಪ್ರಿಲ್, ಮೇ ತಿಂಗಳ ಹೊಳೆಯ ಮೇಲ್ಮೈ ನೀರನ್ನು ನೆನಪಿಟ್ಟುಕೊಂಡು 32 ಡಿಗ್ರಿ ಎಂದು ಹಿಡಿಯೋಣ. ಅದು 10 ಡಿಗ್ರಿ ಏರಲು ಬಿಟ್ಟರೆ ನಿಮಿಷಕ್ಕೆ 17 ಲೀಟರಿನಷ್ಟು ಸಾಕು ಎಂದು ಲೆಕ್ಕ ಹೇಳುತ್ತದೆ. ಈ 17 ಲೀಟರಿಗೆ ಇನ್ನೂ ಒಪ್ಪಿಗೆ ಕೊಡಬೇಡಿ. ಯಾಕೆಂದು ನಾಲ್ಕನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.

ಎರಡು ನೀರುಗಳ ನಡುವಿನ ಸರಾಸರಿ ಉಷ್ಣತಾ ಅಂತರ ಇಲ್ಲಿ ಸುಮಾರು 41 ಡಿಗ್ರಿ ಬರುತ್ತದೆ. ಎರಡೂ ಎದುರುಬದುರಾಗಿ ಹರಿದರೆ ಒಂದು ತುದಿಯಲ್ಲಿ 82 ಮತ್ತು 42, ಇನ್ನೊಂದು ತುದಿಯಲ್ಲಿ 74 ಮತ್ತು 32. ಎರಡೂ ಕಡೆಯ ಅಂತರ ಹತ್ತಿರಹತ್ತಿರ ಇರುವುದರಿಂದ ಲಾಗರಿತಮ್ ಸರಾಸರಿಗೂ ಸಾದಾ ಸರಾಸರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಮೂರನೆಯ ಹೆಜ್ಜೆ: ಕೆಸರಿಗೂ ಲೆಕ್ಕದಲ್ಲಿ ಜಾಗ ಕೊಡಿ

ಹೊಸ, ಸ್ವಚ್ಛ ನಳಿಗೆಗಳಿರುವ ಕೂಲರ್ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ 1000 ವ್ಯಾಟ್ ಸಾಗಿಸುತ್ತದೆ ಎಂದು ಹಿಡಿಯೋಣ. ಇದು ಎಚ್ಚರಿಕೆಯ ಅಂಕಿ, ನೀರಿನ ವೇಗ ಚೆನ್ನಾಗಿದ್ದರೆ ಇನ್ನೂ ಹೆಚ್ಚು ಸಿಗುತ್ತದೆ. ಹಾಗಾದರೆ 12,000 ವ್ಯಾಟ್‌ಗೆ ಬೇಕಾದ ವಿಸ್ತೀರ್ಣ 0.29 ಚದರ ಮೀಟರ್. ಕಾಗದದ ಮೇಲೆ ಕೂಲರ್ ಮುಗಿಯಿತು.

ಈಗ ಕೆಸರನ್ನು ಸೇರಿಸಿ. ನಳಿಗೆಯ ಒಳಗೋಡೆಗೆ ಅರ್ಧ ಮಿಲಿಮೀಟರ್ ದಪ್ಪದ ಕೆಸರು ಅಥವಾ ಸುಣ್ಣದ ಪದರ ಅಂಟಿಕೊಂಡರೆ ಅದು ಶಾಖಕ್ಕೆ ಒಡ್ಡುವ ತಡೆ, ಅಂದರೆ ಒಂದು ಚದರ ಮೀಟರಿನಲ್ಲಿ ಒಂದು ವ್ಯಾಟ್ ಸಾಗಿಸಲು ಬೇಕಾಗುವ ಡಿಗ್ರಿ ಅಂತರ, ಸುಮಾರು 0.0005 ಎಂದು ಹಿಡಿಯಬಹುದು. ಕೆಸರು ತುಂಬಿದ ನದಿನೀರಿಗೆ ವಿನ್ಯಾಸಕಾರರು ಬಳಸುವ, ಶಾಖ ವಿನಿಮಯಕ ತಯಾರಕರ ಸಂಘವಾದ ಟೆಮಾದ ಕೋಷ್ಟಕದಲ್ಲೂ ನಿಧಾನ ಹರಿವಿಗೆ ಹೆಚ್ಚುಕಡಿಮೆ ಇದೇ ಬೆಲೆ ಇದೆ. ಸ್ವಚ್ಛ ಕೂಲರಿನ ತಡೆ ಒಂದನ್ನು 1000ದಿಂದ ಭಾಗಿಸಿದಷ್ಟು, ಅಂದರೆ 0.001. ಎರಡೂ ಸೇರಿ 0.0015. ಅಂದರೆ 1000 ವ್ಯಾಟ್ ಸಾಗಿಸುತ್ತಿದ್ದ ಗೋಡೆ ಈಗ 667 ಮಾತ್ರ ಸಾಗಿಸುತ್ತದೆ. ಬೇಕಾಗುವ ವಿಸ್ತೀರ್ಣ 0.44 ಚದರ ಮೀಟರಿಗೆ ಏರಿತು, ಒಂದೂವರೆ ಪಟ್ಟು. ಇದರ ಮೇಲೆ ಕಾಲು ಭಾಗ ಸೇರಿಸಿ 0.55 ಎಂದು ಇಟ್ಟುಕೊಳ್ಳೋಣ. ಹೊಳೆ ಎದುರೇರಿ ಹೋಗುವ ದಿನ, ಬೋಟಿನ ತುಂಬ ಜನ ಇರುವ ದಿನ ಇದು ಬೇಕಾಗುತ್ತದೆ.

ವಿಸ್ತೀರ್ಣ ಇನ್ನೂ ಹೆಚ್ಚಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಕೆಸರು ನೀರಿನಲ್ಲಿ ಅಳತೆಗಿಂತ ದೊಡ್ಡ ಕೂಲರ್ ಬೇಗ ಕಟ್ಟಿಕೊಳ್ಳುತ್ತದೆ. ಅದೇ ಮುಂದಿನ ವಿಷಯ, ನನ್ನ ದೃಷ್ಟಿಯಲ್ಲಿ ಇಡೀ ವಿನ್ಯಾಸದ ತಿರುಳು.

ನಾಲ್ಕನೆಯ ಹೆಜ್ಜೆ: ನಳಿಗೆಯೊಳಗೆ ವೇಗ ಇರಲಿ

ಹೊರವ್ಯಾಸ 10 ಮಿ.ಮೀ., ಒಳವ್ಯಾಸ 8 ಮಿ.ಮೀ., ಉದ್ದ 400 ಮಿ.ಮೀ. ಇರುವ ನಳಿಗೆ ತೆಗೆದುಕೊಂಡರೆ 0.55 ಚದರ ಮೀಟರಿಗೆ 44 ನಳಿಗೆಗಳು ಬೇಕು. ಈ 44ರಲ್ಲೂ ಹೊಳೆನೀರು ಒಮ್ಮೆಲೇ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಡುವಂತೆ ಮಾಡಿ, ನಿಮಿಷಕ್ಕೆ 17 ಲೀಟರ್ ಬಿಟ್ಟರೆ ಒಳಗಿನ ವೇಗ ಸೆಕೆಂಡಿಗೆ 0.13 ಮೀಟರ್. ಇಷ್ಟು ನಿಧಾನದಲ್ಲಿ ನೀರು ಕಲಕುವುದಿಲ್ಲ, ಪದರ ಪದರವಾಗಿ ಜಾರುತ್ತದೆ. ಗೋಡೆಯ ಶಾಖ ನಡುವಿನ ನೀರಿಗೆ ತಲುಪುವುದೂ ಕಷ್ಟ, ತೇಲುತ್ತಿದ್ದ ಮಣ್ಣು ತಳಕ್ಕೆ ಕೂರುವುದೂ ಸುಲಭ. ಹೊಲಕ್ಕೆ ನೀರು ಹಾಯಿಸುವ ಕಾಲುವೆಯಲ್ಲಿ ಹರಿವು ಸೋತ ಕಡೆಯೇ ಹೂಳು ತುಂಬುವುದಲ್ಲವೇ, ನಳಿಗೆಯಲ್ಲೂ ಹಾಗೆಯೇ.

ಪರಿಹಾರ ಎರಡು, ಎರಡನ್ನೂ ಒಟ್ಟಿಗೆ ಮಾಡಬೇಕು. ಮೊದಲನೆಯದು, 44 ನಳಿಗೆಗಳನ್ನು 11ರ ನಾಲ್ಕು ಗುಂಪುಗಳಾಗಿ ಮಾಡಿ ನೀರು ನಾಲ್ಕು ಬಾರಿ ಆಚೆಯಿಂದ ಈಚೆಗೆ ಓಡುವಂತೆ ಮಾಡಿ. ಎರಡನೆಯದು, ಹೊಳೆನೀರಿನ ಪ್ರಮಾಣವನ್ನು ನಿಮಿಷಕ್ಕೆ 30 ಲೀಟರಿಗೆ ಏರಿಸಿ. ಈಗ ವೇಗ ಸೆಕೆಂಡಿಗೆ 0.9 ಮೀಟರ್. ಹರಿವು ಕಲಕುತ್ತದೆ, ಮಣ್ಣು ತೇಲಿಕೊಂಡೇ ಹೊರಹೋಗುತ್ತದೆ. ಸೆಕೆಂಡಿಗೆ 3 ಅಡಿಗಿಂತ, ಅಂದರೆ ಸುಮಾರು 0.9 ಮೀಟರಿಗಿಂತ ವೇಗ ಹೆಚ್ಚಿದ್ದರೆ ಕೆಸರು ನೀರಿಗೆ ಕೊಡಬೇಕಾದ ತಡೆಯ ಲೆಕ್ಕವನ್ನು ಟೆಮಾ ಕೋಷ್ಟಕವೇ ಮೂರನೆಯ ಒಂದು ಭಾಗದಷ್ಟು ಇಳಿಸುತ್ತದೆ. ಹೊಳೆನೀರು ಈಗ 10 ಡಿಗ್ರಿಯ ಬದಲು ಸುಮಾರು 6 ಡಿಗ್ರಿ ಮಾತ್ರ ಕಾಯುತ್ತದೆ. ಗಡಸು ನೀರಿನ ಸುಣ್ಣ ಹೆಚ್ಚು ಕಾದಷ್ಟೂ ಹೆಚ್ಚು ಗೋಡೆಗೆ ಅಂಟುವುದರಿಂದ ಇದೂ ಲಾಭವೇ.

ವೇಗವನ್ನು ಮನಬಂದಂತೆ ಏರಿಸಲೂ ಬಾರದು. ಮರಳಿನ ಕಣಗಳಿರುವ ನೀರು ವೇಗವಾಗಿ ಹರಿದರೆ ತಾಮ್ರದ ನಳಿಗೆಯ ಬಾಯಿಯನ್ನು ಸವೆಸುತ್ತದೆ. ತಾಮ್ರವಾದರೆ ಸೆಕೆಂಡಿಗೆ 1 ಮೀಟರಿನ ಆಸುಪಾಸಿನಲ್ಲೇ ನಿಲ್ಲಿಸಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಇದರ ಎರಡು ಪಟ್ಟಿಗೂ ಹೆದರಬೇಕಿಲ್ಲ.

ಇಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಿ: ಹೊಳೆನೀರು ಯಾವಾಗಲೂ ನಳಿಗೆಯ ಒಳಗೆ, ಶುದ್ಧ ಕೂಲಂಟ್ ನಳಿಗೆಯ ಹೊರಗೆ. ಒಳಗಡೆಗೆ ಬ್ರಷ್ ಹಾಕಬಹುದು. ಹೊರಗೆ, 44 ನಳಿಗೆಗಳ ಸಂದಿಯಲ್ಲಿ ಕೂತ ಕೆಸರನ್ನು ಯಾರೂ ತೆಗೆಯಲಾರರು. ಪ್ಲೇಟ್ ಮಾದರಿಯ ಕೂಲರ್ ಅಷ್ಟೇ ಜಾಗದಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಅದರ ಪ್ಲೇಟುಗಳ ನಡುವಿನ ಸಂದಿ ಕೆಲವೇ ಮಿಲಿಮೀಟರ್, ನೆರೆಯಲ್ಲಿ ತೇಲಿಬರುವ ಕಬ್ಬಿನ ರವದಿಯ ಚೂರುಗಳಿಗೆ ಅದು ಹೇಳಿ ಮಾಡಿಸಿದ ಬಲೆ. ನಮ್ಮ ಹೊಳೆಗೆ ನಾನು ಅದನ್ನು ಒಪ್ಪುವುದಿಲ್ಲ.

ಐದನೆಯ ಹೆಜ್ಜೆ: ಲೋಹದ ಆಯ್ಕೆ

ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ, ಆದ್ದರಿಂದ ತಾಮ್ರವೇ ಬೇಕು ಎಂಬ ವಾದ ಕೇಳಲು ಸರಿ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಗೋಡೆಯ ತಡೆ ಸುಮಾರು 0.00006. ಅರ್ಧ ಮಿ.ಮೀ. ಕೆಸರಿನ ತಡೆ 0.0005, ಅದರ ಎಂಟು ಪಟ್ಟು. ಲೋಹಕ್ಕಾಗಿ ಜಗಳವಾಡುವ ಬದಲು ಕೆಸರನ್ನು ತೆಗೆಯುವ ದಾರಿ ಹುಡುಕುವುದೇ ಲಾಭ. ಸಿಹಿನೀರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಕು, ಅದು ಮರಳಿನ ಸವೆತವನ್ನೂ ತಾಳುತ್ತದೆ. ತಾಮ್ರ ಮತ್ತು ನಿಕಲ್‌ನ ಮಿಶ್ರಲೋಹವಾದ ಕ್ಯುಪ್ರೊನಿಕಲ್ ಕಡಲಿನ ಬೋಟುಗಳಿಗೆ ಅಗತ್ಯ, ಕೃಷ್ಣೆಗೆ ಅಷ್ಟು ದುಡ್ಡು ಹಾಕಬೇಕಾಗಿಲ್ಲ.

ಲೋಹದ ಸವೆತ ತಡೆಯಲೆಂದು ಕಡಲಿನ ಕೂಲರುಗಳಲ್ಲಿ ಇರುವ ಸತುವಿನ ಕಡ್ಡಿಯನ್ನು ನೋಡಿ ಇಲ್ಲಿಯೂ ಹಾಕಿಸಬೇಡಿ. ಉಪ್ಪಿಲ್ಲದ ನೀರಿನಲ್ಲಿ ಸತುವು ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ಷಣೆ ಬೇಕೇ ಬೇಕೆಂದರೆ ಮೆಗ್ನೀಷಿಯಂ ಕಡ್ಡಿ ಕೇಳಿ.

ಆರನೆಯ ಹೆಜ್ಜೆ: ಎಲ್ಲಿ, ಯಾರಿಂದ ಮಾಡಿಸುವುದು

ಈ ಕೆಲಸಕ್ಕೆ ಮುಂಬೈಗೋ ಚೆನ್ನೈಗೋ ಹೋಗಬೇಕಾಗಿಲ್ಲ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಅಲ್ಲಿನ ಜ್ಯೂಸ್ ಹೀಟರ್ ಎಂದರೆ ಇದೇ ನಳಿಗೆಗಳ ಕೂಲರಿನ ದೊಡ್ಡ ಅಣ್ಣ. ಕಬ್ಬಿನ ಹಾಲು ಒಳಗೆ, ಹಬೆ ಹೊರಗೆ. ನಳಿಗೆಯ ತುದಿಯನ್ನು, ಎಲ್ಲ ನಳಿಗೆಗಳನ್ನೂ ಹಿಡಿದಿಡುವ ತಟ್ಟೆಯಾದ ಟ್ಯೂಬ್ ಪ್ಲೇಟಿನ ರಂಧ್ರದಲ್ಲಿ ಇಟ್ಟು ಎಕ್ಸ್‌ಪಾಂಡರ್‌ನಿಂದ ಅಗಲಿಸಿ ಬಿಗಿ ಮಾಡುವ ಫಿಟ್ಟರುಗಳು ಅಲ್ಲಿ ಇದ್ದಾರೆ. ಒಳಗೆ ಕಟ್ಟಿದ ಕಲ್ಲಿನಂಥ ಪದರವನ್ನು ಕೆರೆದು ತೆಗೆಯುವುದೂ ಅವರಿಗೆ ಗೊತ್ತು. ಕಬ್ಬು ಅರೆಯುವ ಹಂಗಾಮು ಮುಗಿದು ಕಾರ್ಖಾನೆಯ ದುರಸ್ತಿ ನಡೆಯುವ ಬೇಸಿಗೆಯಲ್ಲಿ ಅಂಥವರೊಬ್ಬರನ್ನು ವಿಚಾರಿಸಿ. ಕೂಲರಿನ ಎರಡು ತುದಿಯ ಮುಚ್ಚಳಗಳಾದ ಎಂಡ್ ಕವರುಗಳ ಎರಕ, ಟ್ಯೂಬ್ ಪ್ಲೇಟಿನ ಡ್ರಿಲ್ಲಿಂಗ್, ಲೇತ್ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳೂ ಮಷಿನ್ ಶಾಪುಗಳೂ ಇವೆ.

ಅವರಿಗೆ ಕೊಡಬೇಕಾದ ಅಳತೆಗಳು ಇಷ್ಟು. ನಳಿಗೆಗಳ ನಡುವಿನ ಕೇಂದ್ರದೂರ 12.5 ಮಿ.ಮೀ., ತ್ರಿಕೋನ ಜೋಡಣೆ. ಹೊರಗಡೆ ಶುದ್ಧ ಕೂಲಂಟ್ ಇರುವುದರಿಂದ ತ್ರಿಕೋನವೇ ಸರಿ. ಶೆಲ್ಲಿಗೆ, ಅಂದರೆ ನಳಿಗೆಗಳ ಸುತ್ತಲಿನ ಹೊರಕವಚಕ್ಕೆ, 4 ಇಂಚಿನ ಪೈಪು ಸಾಕಾಗುತ್ತದೆ. ಟ್ಯೂಬ್ ಪ್ಲೇಟ್ 12 ಮಿ.ಮೀ. ದಪ್ಪ, ನಳಿಗೆಯ ವ್ಯಾಸಕ್ಕಿಂತ ತೆಳುವಾದರೆ ಹಿಡಿತ ಸಾಲದು. ಶೆಲ್ಲಿನೊಳಗೆ ಪ್ರತಿ 50 ಮಿ.ಮೀ.ಗೆ ಬ್ಯಾಫಲ್ ಎಂಬ ಒಂದು ಅಡ್ಡತಟ್ಟೆ, ಕಾಲು ಭಾಗ ಕತ್ತರಿಸಿದ್ದು, ಒಂದರ ಕತ್ತರಿ ಮೇಲಿದ್ದರೆ ಮುಂದಿನದರ ಕತ್ತರಿ ಕೆಳಗೆ. ಆಗ ಕೂಲಂಟ್ ನಳಿಗೆಗಳಿಗೆ ಅಡ್ಡವಾಗಿ ಅಂಕುಡೊಂಕಾಗಿ ಹರಿಯುತ್ತದೆ.

ಎಂಡ್ ಕವರುಗಳ ಬಗ್ಗೆ ಸ್ವಲ್ಪ ನಿಧಾನಿಸಿ. ನಾಲ್ಕು ಸುತ್ತಿನ ಓಟಕ್ಕೆ ಒಂದು ಕವರಿನಲ್ಲಿ ಎರಡು ಅಡ್ಡಗೋಡೆ, ಮೂರು ಕೋಣೆ. ಇನ್ನೊಂದರಲ್ಲಿ ಒಂದು ಅಡ್ಡಗೋಡೆ, ಎರಡು ಕೋಣೆ. ನೀರು ಬರುವ ಪೈಪೂ ಹೋಗುವ ಪೈಪೂ ಮೂರು ಕೋಣೆಯ ಕವರಿಗೇ ಸೇರುತ್ತವೆ. ಹಾಗಾಗಿ ಹಿಂದಿನ ಕವರನ್ನು ಯಾವ ಪೈಪನ್ನೂ ಕಳಚದೆ ಬಿಚ್ಚಿ ನೋಡಬಹುದು. ಗ್ಯಾಸ್ಕೆಟ್ ಅಡ್ಡಗೋಡೆಯ ಮೇಲೂ ಸರಿಯಾಗಿ ಕೂರಬೇಕು. ಅಲ್ಲಿ ಸಂದಿ ಉಳಿದರೆ ನೀರು ಅಡ್ಡದಾರಿ ಹಿಡಿದು, ನಳಿಗೆಯೊಳಗೆ ಹೋಗದೆಯೇ ಹೊರಗೆ ಬರುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಎಂಜಿನ್ ಮಾತ್ರ ಕಾಯುವ ಈ ದೋಷವನ್ನು ಹುಡುಕುವುದು ಬಲು ಕಷ್ಟ. ಕವರಿನ ಮುಂದೆ ನಳಿಗೆಯ ಉದ್ದದಷ್ಟು, ಅಂದರೆ 400 ಮಿ.ಮೀ. ಜಾಗ ಬೋಟಿನಲ್ಲಿ ಖಾಲಿ ಇರಬೇಕು. ಬ್ರಷ್ ಹಾಕಲು ಜಾಗವಿಲ್ಲದ ಕೂಲರನ್ನು ಯಾರೂ ಸ್ವಚ್ಛ ಮಾಡುವುದಿಲ್ಲ.

ತಯಾರಾದ ಮೇಲೆ ಎರಡೂ ಕವರು ಬಿಚ್ಚಿಟ್ಟು, ಶೆಲ್ಲಿಗೆ ನೀರು ತುಂಬಿ ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಡಿ. ನಳಿಗೆಯ ತುದಿಗಳನ್ನು ಒಣಬಟ್ಟೆಯಿಂದ ಒರೆಸಿ ಅರ್ಧ ತಾಸು ಕಾಯಿರಿ. ಯಾವ ತುದಿ ಒದ್ದೆಯಾಯಿತೋ ಅದನ್ನು ಮತ್ತೆ ಅಗಲಿಸಬೇಕು. ಗಾಳಿಯ ಒತ್ತಡದಿಂದ ಪರೀಕ್ಷಿಸಬೇಡಿ, ಬಿರಿದರೆ ಜೀವಕ್ಕೆ ಅಪಾಯ.

ಏಳನೆಯ ಹೆಜ್ಜೆ: ಹೊಳೆನೀರು ಒಳಬರುವ ದಾರಿ

ನೀರೆಳೆಯುವ ಬಾಯಿ ಬೋಟಿನ ತಳದ ನಟ್ಟನಡುವೆ ಬೇಡ. ಪಕ್ಕದ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಪ್ರೊಪೆಲ್ಲರಿನಿಂದ ದೂರ ಇರಲಿ. ದಂಡೆಗೆ ಬರುವಾಗ ಪ್ರೊಪೆಲ್ಲರ್ ಎಬ್ಬಿಸುವ ಕೆಸರು ನೇರ ಒಳಹೋಗಬಾರದು. ಅದರ ನಂತರ ವಾಲ್ವ್, ಆಮೇಲೆ ಜಾಲರಿ. ನಳಿಗೆ 8 ಮಿ.ಮೀ. ಇರುವಾಗ ಜಾಲರಿಯ ರಂಧ್ರ 3 ಮಿ.ಮೀ.ಗಿಂತ ದೊಡ್ಡದಾಗಬಾರದು. ರಂಧ್ರಗಳ ಒಟ್ಟು ವಿಸ್ತೀರ್ಣ ಪೈಪಿನ ವಿಸ್ತೀರ್ಣದ ಮೂರು ನಾಲ್ಕು ಪಟ್ಟಾದರೂ ಇರಬೇಕು. ಜನರನ್ನು ದಾಟಿಸುವ ಬೋಟಿಗೆ ಜೋಡಿ ಜಾಲರಿ ಹಾಕಿ. ಒಂದು ಕಟ್ಟಿಕೊಂಡರೆ ವಾಲ್ವ್ ತಿರುಗಿಸಿ ಇನ್ನೊಂದಕ್ಕೆ ಹೋಗಬಹುದು. ನಡುಹೊಳೆಯಲ್ಲಿ, ಅದೂ ನೆರೆಯ ಸೆಳೆತದಲ್ಲಿ, ಎಂಜಿನ್ ನಿಲ್ಲಿಸಬೇಕಾದ ಸ್ಥಿತಿ ಬರಲೇಬಾರದು.

ರಬ್ಬರ್ ಇಂಪೆಲ್ಲರ್ ಇರುವ ಪಂಪು ನೀರನ್ನು ತಾನೇ ಎಳೆದುಕೊಳ್ಳುತ್ತದೆ, ಆದರೆ ಮರಳಿಗೆ ಬೇಗ ಸವೆಯುತ್ತದೆ, ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಹಾಳಾಗುತ್ತದೆ. ಅದನ್ನು ಬಳಸುವವರು ಬಿಡಿ ಇಂಪೆಲ್ಲರ್ ಒಂದನ್ನು ಬೋಟಿನಲ್ಲೇ ಇಡಿ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಲು ಸಾಧ್ಯವಿದ್ದರೆ ಬೆಲ್ಟಿನಿಂದ ತಿರುಗುವ ಸೆಂಟ್ರಿಫ್ಯೂಗಲ್ ಪಂಪು ಹೆಚ್ಚು ಬಾಳುತ್ತದೆ. ಹೊರಹೋಗುವ ನೀರು ಬೋಟ್ ನಡೆಸುವವರ ಕಣ್ಣಿಗೆ ಕಾಣುವಂತೆ ಬೀಳಲಿ.

ಎಂಟನೆಯ ಹೆಜ್ಜೆ: ಒಳಸುತ್ತು

ಒಳಸುತ್ತಿಗೆ ಕೊಳವೆಬಾವಿಯ ನೀರು ಹಾಕಬೇಡಿ. ಬಾಗಲಕೋಟೆ, ಲೋಕಾಪುರ, ಕಲಾದಗಿಯ ಸುಣ್ಣಕಲ್ಲಿನ ನೆಲದಿಂದ ಬರುವ ನೀರು ಕಾದಾಗ ಸಿಲಿಂಡರಿನ ಸುತ್ತಲೇ ಸುಣ್ಣ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರು ಅಥವಾ ಆರ್‌ಒ ನೀರು ಹಾಕಿ, ಎಂಜಿನ್ ತಯಾರಕರು ಹೇಳಿದ ಕೂಲಂಟ್ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲಂಟ್ ಬೇಕಾಗಿರುವುದು ತುಕ್ಕು ತಡೆಯಲು. ಅನೇಕ ಕೂಲಂಟುಗಳ ಮೂಲದ್ರವವಾದ ಗ್ಲೈಕಾಲನ್ನು ಅರ್ಧಕ್ಕರ್ಧ ಬೆರೆಸಿದರೆ ಅದೇ ಶಾಖಕ್ಕೆ ಶೇ 15ರಿಂದ 20ರಷ್ಟು ಹೆಚ್ಚು ಹರಿವು ಬೇಕಾಗುತ್ತದೆ ಎಂಬುದು ನೆನಪಿರಲಿ.

ಆಲಮಟ್ಟಿ ಜಲಾಶಯದ ಪೂರ್ಣಮಟ್ಟ 519.60 ಮೀಟರ್. ಆ ಎತ್ತರದಲ್ಲಿ ತೆರೆದ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಅರ್ಧ ಬಾರ್ ಒತ್ತಡದ ಮುಚ್ಚಳ ಹಾಕಿದರೆ ಕುದಿಯುವ ಬಿಂದು ಹತ್ತು ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ನೀರು 20ರಿಂದ 90 ಡಿಗ್ರಿಗೆ ಕಾದಾಗ ಶೇ 3ಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಸುತ್ತಿನ ಅತಿ ಎತ್ತರದ ಜಾಗದಲ್ಲಿ ಒಟ್ಟು ನೀರಿನ ಹತ್ತನೆಯ ಒಂದು ಭಾಗ ಹಿಡಿಯುವ ಟ್ಯಾಂಕ್ ಇಡಿ. ಹಳೆಯ ಕೂಲಂಟನ್ನು ದಯವಿಟ್ಟು ಹೊಳೆಗೆ ಸುರಿಯಬೇಡಿ. ಅದು ಸಿಹಿಯಾಗಿರುತ್ತದೆ, ವಿಷವೂ ಹೌದು. ದಂಡೆಯಲ್ಲಿ ನೀರು ಕುಡಿಯಲು ಬರುವ ದನಗಳು ಅದನ್ನು ನೆಕ್ಕುತ್ತವೆ.

ತಳಕ್ಕೆ ಪೈಪು ಕಟ್ಟುವ ಇನ್ನೊಂದು ದಾರಿ

ಕೂಲಂಟನ್ನೇ ಬೋಟಿನ ತಳದ ಹೊರಗೆ ಕಟ್ಟಿದ ಪೈಪುಗಳಲ್ಲಿ ಹರಿಸುವ ಕೀಲ್ ಕೂಲಿಂಗ್ ಪದ್ಧತಿಗೆ ಹೊಳೆನೀರಿನ ಪಂಪೂ ಬೇಡ, ಜಾಲರಿಯೂ ಬೇಡ. ಕೆಸರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಬೋಟ್ ನಿಂತಲ್ಲೇ ಎಂಜಿನ್ ಓಡುವಾಗ ತಂಪು ಕಡಿಮೆಯಾಗುತ್ತದೆ. ಆಲಮಟ್ಟಿಯ ಹಿನ್ನೀರಿನ ಕೆಳಗೆ ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ತಳಕ್ಕೆ ತಗಲಿ ಪೈಪು ಕೀಳಬಹುದು. ಆಳ ಗೊತ್ತಿರುವ ಒಂದೇ ದಾರಿಯಲ್ಲಿ ಓಡುವ ಕಬ್ಬಿಣದ ಬೋಟಿಗೆ ಇದನ್ನು ಆರಿಸಿ, ಪೈಪಿನ ಮುಂದೆ ಕಬ್ಬಿಣದ ಪಟ್ಟಿಯ ಕಾವಲು ಹಾಕಿಸಿ. ಮೀನಿಗಾಗಿ ಎಲ್ಲೆಂದರಲ್ಲಿ ಹೋಗುವವರಿಗೆ ಬೇಡ.

ಪರೀಕ್ಷೆ ಮತ್ತು ನಂತರದ ನಿಗಾ

ಮೊದಲ ಓಟಕ್ಕೆ ಜನರನ್ನು ಹತ್ತಿಸಬೇಡಿ, ಮರಳಿನ ಚೀಲ ತುಂಬಿಕೊಳ್ಳಿ. ಕೂಲರಿನ ನಾಲ್ಕೂ ಬಾಯಿಗಳಲ್ಲಿ ಉಷ್ಣಮಾಪಕ ಇರಲಿ. ಹೊರಬೀಳುವ ಹೊಳೆನೀರನ್ನು 15 ಲೀಟರಿನ ಬಕೆಟಿಗೆ ಹಿಡಿಯಿರಿ. ಅರ್ಧ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರ್ ಬರುತ್ತಿದೆ. ಆ ನೀರು 6 ಡಿಗ್ರಿ ಕಾದಿದ್ದರೆ ಹೊರಹೋಗುತ್ತಿರುವ ಶಾಖ 12.5 ಕಿಲೋವ್ಯಾಟ್. ನಮ್ಮ ಲೆಕ್ಕಕ್ಕೆ ಇದು ಹೊಂದುತ್ತದೆ.

ಎಂಜಿನ್ನಿನ ಉಷ್ಣಮಾಪಕವನ್ನಷ್ಟೇ ನಂಬಿ ಕೂರುವುದು ಅಪಾಯ. ಥರ್ಮೋಸ್ಟಾಟ್ ಇರುವವರೆಗೆ ಕೂಲರ್ ಕೊಳೆಯಾಗುತ್ತಿರುವುದು ಆ ಮುಳ್ಳಿಗೆ ಗೊತ್ತೇ ಆಗುವುದಿಲ್ಲ. ಕೂಲರಿನ ಶಕ್ತಿ ಕುಗ್ಗಿದಂತೆ ಥರ್ಮೋಸ್ಟಾಟ್ ಇನ್ನಷ್ಟು ತೆರೆದು ಹೆಚ್ಚು ಕೂಲಂಟನ್ನು ಅತ್ತ ಕಳಿಸುತ್ತದೆ, ಮುಳ್ಳು 80ರಲ್ಲೇ ನಿಂತಿರುತ್ತದೆ. ಪೂರ್ತಿ ತೆರೆದು ಮುಗಿದ ದಿನ ಎಂಜಿನ್ ಒಮ್ಮೆಲೇ ಕಾದುಬಿಡುತ್ತದೆ. ನೋಡಬೇಕಾದದ್ದು ಕೂಲರಿನಿಂದ ಹೊರಬರುವ ಕೂಲಂಟಿನ ಉಷ್ಣತೆ. ಸ್ವಚ್ಛವಾಗಿದ್ದಾಗ, ಅದೇ ವೇಗ ಮತ್ತು ಅದೇ ಭಾರದಲ್ಲಿ ಅದು ಹೊಳೆನೀರಿಗಿಂತ ಎಷ್ಟು ಡಿಗ್ರಿ ಹೆಚ್ಚಿದೆ ಎಂದು ಬರೆದಿಡಿ. ಆ ಅಂತರ ಹತ್ತು ಡಿಗ್ರಿ ಬೆಳೆದರೆ ಕವರು ಬಿಚ್ಚುವ ಹೊತ್ತು ಬಂದಿದೆ.

ಬಿಚ್ಚಿದ ಮೇಲೆ ಒದ್ದೆಯಿರುವಾಗಲೇ ನೈಲಾನ್ ಬ್ರಷ್ ಹಾಕಿ, ಒಣಗಿದ ಎರೆಮಣ್ಣು ಬಿಡುವುದಿಲ್ಲ. ಬ್ರಷ್ಷಿಗೆ ಜಗ್ಗದ ಬಿಳಿ ಪದರ ಉಳಿದರೆ ಅದು ಸುಣ್ಣ. ನೂರು ಲೀಟರ್ ಬೆಚ್ಚಗಿನ ನೀರಿಗೆ 5 ಕಿಲೋ ಸಿಟ್ರಿಕ್ ಆಮ್ಲದ ಪ್ರಮಾಣದಲ್ಲಿ ದ್ರಾವಣ ಮಾಡಿ ನಳಿಗೆಗಳಲ್ಲಿ ತುಂಬಿ, ನೊರೆ ನಿಂತ ಮೇಲೆ ಚೆನ್ನಾಗಿ ತೊಳೆಯಿರಿ. ಸ್ಟೇನ್‌ಲೆಸ್ ನಳಿಗೆಗೆ ಹೈಡ್ರೋಕ್ಲೋರಿಕ್ ಆಮ್ಲ ಮುಟ್ಟಿಸಬೇಡಿ. ಪ್ರತಿದಿನ ಸಂಜೆ ಬೋಟ್ ಕಟ್ಟುವ ಮೊದಲು ಎಂಜಿನ್ನನ್ನು ಐದು ನಿಮಿಷ ಭಾರವಿಲ್ಲದೆ ಓಡಿಸಿ ನಿಲ್ಲಿಸಿ. ಆಮೇಲೆ ಒಳಬಾಯಿಯ ವಾಲ್ವ್ ಮುಚ್ಚಿ, ಕೂಲರಿನ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಹೊಳೆನೀರನ್ನು ಪೂರ್ತಿ ಬಸಿಯಿರಿ. ವಾಲ್ವಿನ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವವರು ಮೊದಲು ಅದನ್ನು ತೆರೆಯಲಿ.